ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಶಿಯ ಘಟ್ಟದ ಮೇಲೊಬ್ಬ ಕಥೋಲಿಕ ಪಾದ್ರಿ

ಈ ಸಲದ ಪತ್ರಗಳಲ್ಲಿ ಆರು ಒಬ್ಬರೇ ಚಿಂತಕರನ್ನು ಕುರಿತವಾಗಿದ್ದುದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಕಾದಿರಿಸಿ, ಅಂಕಣವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಭಾರತೀಯ ತಂದೆಗೂ ಸ್ಪೇನಿನ ತಾಯಿಗೂ ಹುಟ್ಟಿದ ಕಥೋಲಿಕ ಪಾದ್ರಿಯೊಬ್ಬರು ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಭಾರತೀಯ ದರ್ಶನಗಳನ್ನು ಅಭ್ಯಾಸ ಮಾಡಿದ್ದರೆಂದು ಕೇಳಿದೆ. ಇದು ನಿಜವೇ? ಅವರು ಯಾರು? (ಮೈಸೂರಿನ ಓದುಗರು)

ಉತ್ತರ: ನಿಜ. ಅವರ ಹೆಸರು ರೈಮೋನ್ ಪಣಿಕ್ಕರ್. ಹುಟ್ಟಿದ್ದು 1918ರ ನವೆಂಬರ್ ತಿಂಗಳಲ್ಲಿ, ಬಾರ್ಸಿಲೋನಾದಲ್ಲಿ. ತಂದೆ ಮಲಬಾರಿನ ಹಿಂದೂ ಮನೆತನದವರು; ಇಂಗ್ಲೆಂಡಿನಲ್ಲಿ ಓದಿ, ಜರ್ಮನಿಯ ರಾಸಾಯನಿಕ ಕಂಪನಿಯೊಂದರ ಪ್ರತಿನಿಧಿಯಾಗಿ ಸ್ಪೇನಿಗೆ ಹೋದವರು ಅಲ್ಲಿಯೇ ನೆಲೆನಿಂತರು. ತಾಯಿ ಕೆಟಲಾನ್, ಎಂದರೆ ಬಾರ್ಸಿಲೋನಾ ಇರುವ ಕೆಟಲೋನಿಯಾ ಪ್ರಾಂತದ, ಕಥೋಲಿಕ ಮನೆತನದವರು. ಮನೆಯ ಹೆಸರು ಸ್ಪೇನಿನ ನಾಲಿಗೆಗೆ ಒಗ್ಗಿ 'ಪಾನಿಕರ್' ಆಗಿತ್ತು. ತಮ್ಮ ಸಾಲ್ವದೋರ್ ಕೊನೆಯವರೆಗೂ ಹಾಗೆಯೇ ಬರೆದುಕೊಂಡರೆ ಅಣ್ಣ ಮಲಯಾಳದ 'ಪಣಿಕ್ಕರ್'ಗೆ ಮರಳಿದರು. ಸ್ಪ್ಯಾನಿಷ್ ರೂಪದ 'ರೈಮುಂದೋ' ಕೂಡ ಮುಂದೆ ಕೆಟಲಾನ್ ರೂಪದ 'ರೈಮೋನ್' ಆಯಿತು. ಹೀಗಾಗಿ ಗ್ರಂಥಾಲಯದಲ್ಲಿ ಅವರ ಪುಸ್ತಕ ಹುಡುಕುವವರು ಎರಡು ಮೂರು ಕಾಗುಣಿತಗಳನ್ನು ಪ್ರಯತ್ನಿಸಬೇಕಾಗುತ್ತದೆ.

ಬಾರ್ಸಿಲೋನಾ, ಬಾನ್, ಮ್ಯಾಡ್ರಿಡ್‌ಗಳಲ್ಲಿ ಅವರು ರಸಾಯನಶಾಸ್ತ್ರ ಮತ್ತು ತತ್ತ್ವಶಾಸ್ತ್ರಗಳೆರಡನ್ನೂ ಓದಿದರು. 1940ರ ಸುಮಾರಿಗೆ ಓಪುಸ್ ದೇಯಿ ಎಂಬ ಕಥೋಲಿಕ ಸಂಘಟನೆಯನ್ನು ಸೇರಿ, 1946ರಲ್ಲಿ ಪಾದ್ರಿಯಾಗಿ ಗುರುದೀಕ್ಷೆ ಪಡೆದರು. ಪಡೆದ ಡಾಕ್ಟರೇಟುಗಳು ಮೂರು: 1946ರಲ್ಲಿ ತತ್ತ್ವಶಾಸ್ತ್ರಕ್ಕೆ, 1958ರಲ್ಲಿ ರಸಾಯನಶಾಸ್ತ್ರಕ್ಕೆ, 1961ರಲ್ಲಿ ರೋಮಿನ ಲ್ಯಾಟರನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರಕ್ಕೆ. ಈ ನಡುವೆ, 1954ರ ಕೊನೆಯಲ್ಲಿ, ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ, ಮೊದಲ ಬಾರಿಗೆ ತಂದೆಯ ನಾಡನ್ನು ಕಂಡರು. ರಾಧಾಕೃಷ್ಣನ್ ಒಂದು ಕಾಲದಲ್ಲಿ ಪಾಠ ಹೇಳಿದ್ದ ಮೈಸೂರಿನಲ್ಲಿ, ಆಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಭಾರತೀಯ ದರ್ಶನಗಳ ಅಭ್ಯಾಸ ನಡೆಸಿದರು. ಅಭಿಷಿಕ್ತಾನಂದ ಎಂಬ ಹೆಸರು ತಳೆದಿದ್ದ ಫ್ರೆಂಚ್ ಸನ್ಯಾಸಿ ಆಂರಿ ಲ ಸೋ ಅವರ ಸ್ನೇಹವೂ ಆ ವರ್ಷಗಳದ್ದೇ. 1964ರಲ್ಲಿ ಇಬ್ಬರೂ ಗಂಗೋತ್ರಿಗೆ ಯಾತ್ರೆ ಹೋಗಿ, ಅಲ್ಲಿ ಬಲಿಪೂಜೆಯನ್ನು (ರೊಟ್ಟಿ, ದ್ರಾಕ್ಷಾರಸಗಳನ್ನು ಅರ್ಪಿಸುವ ಕಥೋಲಿಕ ಆರಾಧನೆಯನ್ನು) ಅರ್ಪಿಸಿದರು.

1966ರಲ್ಲಿ ಓಪುಸ್ ದೇಯಿಯೊಂದಿಗಿನ ನಂಟು ಕಡಿಯಿತು. ಪಾದ್ರಿಯಾಗಿ ಅವರು ವಾರಾಣಸಿ ಧರ್ಮಪ್ರಾಂತ್ಯಕ್ಕೆ (ಬಿಷಪರ ಆಡಳಿತವಲಯಕ್ಕೆ) ಸೇರಿದವರಾದರು. ಅದೇ ವರ್ಷ ಹಾರ್ವರ್ಡ್‌ನಲ್ಲಿ ಸಂದರ್ಶಕ ಪ್ರಾಧ್ಯಾಪಕರಾದರು. 1970ರ ದಶಕದ ಆರಂಭದಿಂದ 1987ರವರೆಗೆ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ವರ್ಷದ ಒಂದು ಭಾಗ ಅಮೆರಿಕದಲ್ಲಿ, ಇನ್ನೊಂದು ಭಾಗ ಕಾಶಿಯಲ್ಲಿ. ಕಾಶಿಯ ಮನೆ ಹನುಮಾನ್ ಘಾಟಿನಲ್ಲಿತ್ತು. ನಿವೃತ್ತಿಯ ನಂತರ ಕೆಟಲೋನಿಯಾದ ತಾವರ್ತೆತ್ ಎಂಬ ಬೆಟ್ಟದೂರಿಗೆ ಮರಳಿ, 2010ರ ಆಗಸ್ಟ್ 26ರಂದು ಅಲ್ಲಿಯೇ ತೀರಿಕೊಂಡರು.

ಪ್ರಶ್ನೆ: "ಕ್ರೈಸ್ತನಾಗಿ ಹೊರಟೆ, ಹಿಂದೂ ಎಂದು ನನ್ನನ್ನು ಕಂಡುಕೊಂಡೆ, ಬೌದ್ಧನಾಗಿ ಮರಳಿದೆ, ಆದರೆ ಕ್ರೈಸ್ತನಾಗಿರುವುದನ್ನು ಎಂದೂ ಬಿಡಲಿಲ್ಲ" ಎಂಬ ಅರ್ಥದ ಅವರ ಮಾತನ್ನು ಓದಿದೆ. ಇದು 'ಎಲ್ಲ ಧರ್ಮಗಳೂ ಒಂದೇ' ಎಂಬ ನಾವು ದಿನವೂ ಕೇಳುವ ಮಾತಿಗಿಂತ ಹೇಗೆ ಬೇರೆ? (ಧಾರವಾಡದ ಓದುಗರು)

ಉತ್ತರ: ಪಣಿಕ್ಕರ್ ಅವರನ್ನು ಹೊಗಳುವವರೂ ತೆಗಳುವವರೂ ಸಮನಾಗಿ ಎಡವುವುದು ಇಲ್ಲಿಯೇ. 'ಎಲ್ಲ ಧರ್ಮಗಳೂ ಒಂದೇ' ಎಂಬ ಮಾತನ್ನು ಅವರು ಒಪ್ಪಲಿಲ್ಲ. ಎಲ್ಲ ಧರ್ಮಗಳನ್ನೂ ಒಂದೇ ಸೂತ್ರದಲ್ಲಿ ಪೋಣಿಸುವ ಸಾರ್ವತ್ರಿಕ ಸಿದ್ಧಾಂತವೊಂದು ಸಾಧ್ಯವೆಂಬುದನ್ನೂ ಒಪ್ಪಲಿಲ್ಲ. ಅಂಥ ಸಿದ್ಧಾಂತವನ್ನು ಕಟ್ಟುವವನು ಯಾವುದಾದರೊಂದು ಭಾಷೆಯಲ್ಲಿ, ಒಂದು ಪರಂಪರೆಯ ಪದಗಳಲ್ಲಿಯೇ ಕಟ್ಟಬೇಕಷ್ಟೆ. ಹಾಗೆ ಕಟ್ಟಿದ್ದು ಉಳಿದವರನ್ನು ನುಂಗಿಹಾಕುತ್ತದೆ ಎಂಬುದು ಅವರ ಆಕ್ಷೇಪ.

ಸಂಧ್ಯಾವಂದನೆಯ ಕೊನೆಗೆ ಹೇಳುವ 'ಆಕಾಶಾತ್ ಪತಿತಂ ತೋಯಂ' ಎಂಬ ಶ್ಲೋಕವನ್ನು ನಮ್ಮಲ್ಲಿ ಅನೇಕರು ಬಲ್ಲರು: ಆಕಾಶದಿಂದ ಬಿದ್ದ ನೀರು ಸಾಗರವನ್ನು ಸೇರುವಂತೆ ಯಾವ ದೇವರಿಗೆ ಮಾಡಿದ ನಮಸ್ಕಾರವೂ ಕೇಶವನನ್ನು ಸೇರುತ್ತದೆ. ಪಣಿಕ್ಕರ್ ಬಳಸಿದ ನದಿಗಳ ರೂಪಕ ಇದಕ್ಕೆ ತಿರುಗುಮುರುಗು. ಜೋರ್ಡಾನ್, ಟೈಬರ್, ಗಂಗೆ, ಈ ನದಿಗಳು ಭೂಮಿಯ ಮೇಲೆ ಒಂದನ್ನೊಂದು ಕೂಡುವುದಿಲ್ಲ, ಸಮುದ್ರದಲ್ಲಿಯೂ ಕೂಡುವುದಿಲ್ಲ. ಅವು ಕೂಡುವುದು ಆವಿಯಾಗಿ ಮೇಲೇರಿ ಮೋಡವಾದಾಗ, ಮತ್ತೆ ಮಳೆಯಾಗಿ ಸುರಿಯಲಿಕ್ಕಾಗಿ. ಹರಿಯುವಷ್ಟು ಕಾಲ ಗಂಗೆ ಗಂಗೆಯೇ. ಎಲ್ಲವೂ ಕೇಶವನನ್ನು ಸೇರುತ್ತದೆ ಎನ್ನುವಾಗ ಕೇಶವನ ಭಕ್ತನಿಗೆ ಎಷ್ಟು ಹಿತವೆನಿಸುತ್ತದೋ ಉಳಿದವರಿಗೆ ಅಷ್ಟು ಹಿತವೆನಿಸುತ್ತದೆಯೇ ಎಂಬ ಪ್ರಶ್ನೆಯನ್ನು ಈ ರೂಪಕ ಎಬ್ಬಿಸುತ್ತದೆ.

ಹಾಗಾದರೆ ಹೋಲಿಸುವುದು ಹೇಗೆ? ಗಣಿತದಿಂದ ಒಂದು ಪದವನ್ನು ಎರವಲು ಪಡೆದು ಅವರು 'ಹೋಮಿಯೊಮಾರ್ಫಿಕ್' ಸಮಾನತೆಯ ಮಾತಾಡಿದರು. ಕನ್ನಡದಲ್ಲಿ 'ಸ್ಥಾನಸಾಮ್ಯ' ಎನ್ನೋಣ. ತೊಟ್ಟಿಮನೆಯೊಳಗೆ ಬೆಳಕು ತರುವ ಕೆಲಸ ತೊಟ್ಟಿಯದು. ಇನ್ನೊಂದು ಬಗೆಯ ಮನೆಯಲ್ಲಿ ಆ ಕೆಲಸ ಕಿಟಕಿಯದು. ತೊಟ್ಟಿಯನ್ನು 'ಕಿಟಕಿ' ಎಂದು ಅನುವಾದಿಸಿದರೆ ತಪ್ಪು, ಎರಡಕ್ಕೂ ಸಂಬಂಧವೇ ಇಲ್ಲವೆಂದರೂ ತಪ್ಪು. ಬ್ರಹ್ಮ ಮತ್ತು ಕ್ರೈಸ್ತರ ದೇವರು ಹೀಗೆ ತಂತಮ್ಮ ಪರಂಪರೆಯಲ್ಲಿ ಹೋಲುವ ಸ್ಥಾನದಲ್ಲಿದ್ದಾರೆ. ಅವರು ಒಂದೇ ಎಂಬುದು ಇದರಿಂದ ಸಿದ್ಧವಾಗುವುದಿಲ್ಲ. 1982ರ ಪ್ರಬಂಧವೊಂದರಲ್ಲಿ ಮಾನವ ಹಕ್ಕುಗಳು ಪಾಶ್ಚಾತ್ಯ ಕಲ್ಪನೆಯೇ ಎಂದು ಕೇಳಿ, ಭಾರತದಲ್ಲಿ ಅದಕ್ಕೆ ಸ್ಥಾನಸಾಮ್ಯವಿರುವುದು 'ಧರ್ಮ' ಎಂಬ ಕಲ್ಪನೆಗೆ ಎಂದು ವಾದಿಸಿದರು. ಕಿಟಕಿಯ ರೂಪಕ ಅಲ್ಲಿಯೂ ಬರುತ್ತದೆ: ಒಂದು ಸಂಸ್ಕೃತಿಯೊಳಗೆ ನಿಂತವನಿಗೆ ಹೊರಗಿನ ನೋಟ ಕಾಣುತ್ತದೆಯೇ ಹೊರತು ಕಿಟಕಿ ಕಾಣುವುದಿಲ್ಲ, ಅದು ಕಿಟಕಿಯೆಂದು ತಿಳಿಸಲು ಬೇರೊಂದು ಕಿಟಕಿಯ ಬಳಿ ನಿಂತವನೇ ಬೇಕು.

ನೀವು ಎತ್ತಿ ಬರೆದ ಮಾತಿನ ಹಿಂದೆ ಎಷ್ಟು ದುಡಿಮೆಯಿದೆಯೆಂದು ತಿಳಿಯಬೇಕಾದರೆ 1977ರಲ್ಲಿ ಪ್ರಕಟವಾದ ಅವರ 'ಮಂತ್ರಮಂಜರಿ'ಯನ್ನು ಕೈಗೆತ್ತಿಕೊಳ್ಳಬೇಕು. ಸಹಾಯಕರೊಂದಿಗೆ ಕಾಶಿಯಲ್ಲಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕೂತು ಸಿದ್ಧಪಡಿಸಿದ, ಸುಮಾರು ಸಾವಿರ ಪುಟಗಳ ವೇದಮಂತ್ರಗಳ ಇಂಗ್ಲಿಷ್ ಸಂಕಲನವದು. ಗಾಯತ್ರಿಯಿಂದ ತೊಡಗುತ್ತದೆ. ಸಂಹಿತೆ, ಬ್ರಾಹ್ಮಣ, ಉಪನಿಷತ್ತು ಎಂದು ಕಾಲಕ್ರಮದಲ್ಲಿ ಜೋಡಿಸದೆ, ಹುಟ್ಟು, ಬೆಳವಣಿಗೆ, ಅರಳುವಿಕೆ, ಕುಸಿತ, ಸಾವು, ಹೊಸ ಬದುಕು, ಮುಸ್ಸಂಜೆ ಎಂಬ ಏಳು ಭಾಗಗಳಲ್ಲಿ ಜೋಡಿಸಿದ್ದಾರೆ. ಇದು ಪಂಡಿತರ ಕಪಾಟಿಗಲ್ಲ, ಇಂದಿನ ಮನುಷ್ಯನ ಆಚರಣೆಗೆ ಎಂದು ಉಪಶೀರ್ಷಿಕೆಯೇ ಸಾರುತ್ತದೆ. ಈ ಜೋಡಣೆಯನ್ನು ವೈದಿಕ ವಿದ್ವಾಂಸರು ಮೆಚ್ಚಲೇಬೇಕೆಂದಿಲ್ಲ. ಆದರೆ 'ನಾನು ಹಿಂದೂ ಕೂಡ' ಎಂದು ಹೇಳುವ ಮೊದಲು ದಶಕಕಾಲ ಮಂತ್ರಗಳ ಮುಂದೆ ಕೂರುವವರು ವಿರಳ ಎಂಬುದನ್ನು ಒಪ್ಪಬೇಕಾಗುತ್ತದೆ.

ಪ್ರಶ್ನೆ: ಜೀವ, ಜಗತ್ತು, ಈಶ್ವರ ಎಂಬ ಮೂರನ್ನು ಆಚಾರ್ಯರು ಎಂದೋ ವಿವೇಚಿಸಿದ್ದಾರೆ. ಪಣಿಕ್ಕರ್ ಅವರ ತ್ರಿತತ್ತ್ವದಲ್ಲಿ ಹೊಸತೇನಿದೆ? (ಉಡುಪಿಯ ಓದುಗರು)

ಉತ್ತರ: ಉಡುಪಿಯಿಂದ ಬರಬೇಕಾದ ಪ್ರಶ್ನೆಯೇ ಇದು. ಗ್ರೀಕಿನ ಮೂರು ಪದಗಳನ್ನು, ಎಂದರೆ ಜಗತ್ತು, ದೇವರು, ಮನುಷ್ಯ ಎಂಬ ಅರ್ಥದ ಪದಗಳನ್ನು, ಬೆಸೆದು ಅವರು 'ಕಾಸ್ಮೋಥಿಯಾಂಡ್ರಿಕ್' ಎಂಬ ಬಾಯಿತುಂಬುವ ಶಬ್ದವನ್ನು ಮಾಡಿದರು. ನೀವು ಹೇಳುವಂತೆ ಮೂರೂ ನಮಗೆ ಪರಿಚಿತವೇ. ಬೇರೆಯಾಗಿರುವುದು ಅವುಗಳ ನಡುವಿನ ಸಂಬಂಧ. ಮಧ್ವಾಚಾರ್ಯರಲ್ಲಿ ವಿಷ್ಣುವೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಪರತಂತ್ರ, ಈಶ್ವರ, ಜೀವ, ಜಡಗಳ ನಡುವಿನ ಐದು ಬಗೆಯ ಭೇದ, ಎಂದರೆ ಪಂಚಭೇದ, ನಿತ್ಯಸತ್ಯ. ರಾಮಾನುಜರಲ್ಲಿ ಚಿತ್ತೂ (ಚೇತನ) ಅಚಿತ್ತೂ (ಜಡ) ಈಶ್ವರನ ಶರೀರ. ಆದರೆ ಶರೀರಿ ಅವನೇ. ಪಣಿಕ್ಕರ್ ಅವರಲ್ಲಿ ಮೂರರಲ್ಲಿ ಒಂದೂ ಉಳಿದೆರಡಿಲ್ಲದೆ ಇರಲಾರದು. ಮನುಷ್ಯನೂ ಜಗತ್ತೂ ಇಲ್ಲದ ದೇವರು ಬರಿಯ ಕಲ್ಪನೆ, ದೇವರೂ ಮನುಷ್ಯನೂ ಇಲ್ಲದ ಜಗತ್ತೂ ಅಂಥದೇ. ವಾಸ್ತವವೆಂದರೆ ಈ ಮೂರರ ಪರಸ್ಪರ ಸಂಬಂಧವೇ. ಇದಕ್ಕೆ ಮಾದರಿ ಪಿತ, ಸುತ, ಪವಿತ್ರಾತ್ಮ ಎಂಬ ಮೂವರಲ್ಲಿ ಒಬ್ಬನೇ ದೇವರನ್ನು ಕಾಣುವ ಕ್ರೈಸ್ತರ ತ್ರಿತ್ವ: ಪಿತನು ತನ್ನನ್ನು ಸಂಪೂರ್ಣವಾಗಿ ಸುತನಿಗೆ ಕೊಟ್ಟುಬಿಟ್ಟಿರುವುದರಿಂದ ಪಿತನ ಕುರಿತು ಹೇಳಲು ಏನೂ ಉಳಿಯುವುದಿಲ್ಲ, ಉಳಿಯುವುದು ಮೌನ ಎಂದು ಅವರು ಬರೆಯುತ್ತಾರೆ. ಆ ಮೌನದಲ್ಲಿ ಬುದ್ಧನನ್ನು, ಸುತನಲ್ಲಿ ಭಕ್ತಿಯನ್ನು, ಪವಿತ್ರಾತ್ಮನಲ್ಲಿ ಅದ್ವೈತವನ್ನು ಕಾಣುತ್ತಾರೆ. ಈಶ್ವರನ ಸ್ವಾತಂತ್ರ್ಯಕ್ಕೆ ಇದರಿಂದ ಚ್ಯುತಿ ಬಂತು ಎಂದು ಉಡುಪಿಯ ವಿದ್ವಾಂಸರು ಆಕ್ಷೇಪಿಸಿದರೆ, ಮಧ್ಯಯುಗದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸರ ಹಾದಿಯ ಕಥೋಲಿಕ ವಿದ್ವಾಂಸರೂ ಅವರ ಪಕ್ಕದಲ್ಲಿಯೇ ನಿಲ್ಲುತ್ತಾರೆ. ಆ ಆಕ್ಷೇಪಕ್ಕೆ ಪಣಿಕ್ಕರ್ ಕೊಟ್ಟ ಸಮಾಧಾನ ನನಗಂತೂ ಸಾಲದು.

ಪ್ರಶ್ನೆ: 'ಹಿಂದೂಧರ್ಮದ ಅಜ್ಞಾತ ಕ್ರಿಸ್ತ' ಎಂಬ ಪುಸ್ತಕದ ಹೆಸರೇ ಹೇಳುವಂತೆ ಇದು ಮತಪ್ರಚಾರದ ಹೊಸ ವೇಷವಲ್ಲವೇ? ಇತ್ತ ಕಥೋಲಿಕ ಸಭೆಯಾದರೂ ಇಂಥ ಚಿಂತನೆಯನ್ನು ಒಪ್ಪಿತೇ? (ಶಿರಸಿ ಮತ್ತು ಮಂಗಳೂರಿನ ಓದುಗರು)

ಉತ್ತರ: ಎದುರುಬದುರಾದ ಎರಡು ಅನುಮಾನಗಳನ್ನು ಒಟ್ಟಿಗೆ ಉತ್ತರಿಸುತ್ತೇನೆ. ರೋಮಿನ ಡಾಕ್ಟರೇಟ್ ಪ್ರಬಂಧದಿಂದ ಬೆಳೆದ ಆ ಪುಸ್ತಕ ಅಚ್ಚಾದದ್ದು 1964ರಲ್ಲಿ; ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಸಭೆಯು ತಿರಸ್ಕರಿಸುವುದಿಲ್ಲವೆಂದು ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ ಘೋಷಿಸುವುದಕ್ಕೆ ಒಂದು ವರ್ಷ ಮೊದಲು. 'ಜನ್ಮಾದ್ಯಸ್ಯ ಯತಃ' ಎಂಬ ಬ್ರಹ್ಮಸೂತ್ರವೇ ಪುಸ್ತಕದ ತಿರುಳು. ಈ ಜಗತ್ತಿನ ಹುಟ್ಟು ಮುಂತಾದುವು ಯಾವುದರಿಂದಲೋ ಅದು ಬ್ರಹ್ಮ ಎಂದು ಸೂತ್ರ ಹೇಳುತ್ತದೆ. ನಿರ್ಗುಣ ಬ್ರಹ್ಮಕ್ಕೂ ಜಗತ್ತಿಗೂ ನಡುವೆ ಶಂಕರರ ವೇದಾಂತದಲ್ಲಿ ಈಶ್ವರನಿಗಿರುವ ಸ್ಥಾನವೇ ಕ್ರೈಸ್ತ ಚಿಂತನೆಯಲ್ಲಿ ಕ್ರಿಸ್ತನದು ಎಂಬುದು ಪಣಿಕ್ಕರ್ ಅವರ ವಾದ.

ಶಿರಸಿಯ ಓದುಗರ ಸಿಟ್ಟಿಗೆ ಆಧಾರವಿದೆ. ಮೊದಲ ಆವೃತ್ತಿಯನ್ನು ಓದಿದವರಿಗೆ, ಹಿಂದೂಗಳು ಅರಿಯದೆ ಪೂಜಿಸುವವನನ್ನು ಕ್ರೈಸ್ತರು ಅರಿತು ಪೂಜಿಸುತ್ತಾರೆ ಎಂಬ ಭಾವ ಬಂದರೆ ಆಶ್ಚರ್ಯವಿಲ್ಲ. ಆದರೆ 1981ರಲ್ಲಿ ಪುಸ್ತಕವನ್ನು ಬಹಳಷ್ಟು ತಿದ್ದಿ ಬರೆದು, ಆ ಕ್ರಿಸ್ತ ಕ್ರೈಸ್ತರಿಗೂ ಅಜ್ಞಾತನೇ ಎಂದು ಸ್ಪಷ್ಟಪಡಿಸಿದರು: ಯೇಸುವು ಕ್ರಿಸ್ತನೇ, ಆದರೆ ಕ್ರಿಸ್ತನೆಂದರೆ ಯೇಸು ಮಾತ್ರವೇ ಅಲ್ಲ. ಆ ರಹಸ್ಯವನ್ನು ಇತರರು ಬೇರೆ ಹೆಸರುಗಳಿಂದ ಕರೆಯಬಹುದು. ಹಾಗಿದ್ದ ಮೇಲೆ ರಟ್ಟಿನ ಮೇಲೆ 'ಕ್ರಿಸ್ತ' ಎಂಬ ಹೆಸರನ್ನೇ ಏಕೆ ಉಳಿಸಿಕೊಂಡರು? ನಾನು ನಿಂತ ನೆಲದ ಹೆಸರನ್ನೇ ಹೇಳಬಲ್ಲೆ ಎಂಬರ್ಥದ ಸಮರ್ಥನೆ ಪ್ರಾಮಾಣಿಕವಾದದ್ದೇ. ಆದರೂ ಅತಿಥಿಯಾಗಿ ಹೋದ ಮನೆಗೆ ತನ್ನ ಹೆಸರಿನ ಫಲಕ ಹಾಕಿದಂತೆ ಕಾಣುವುದು ತಪ್ಪಲಿಲ್ಲ. ಮತಾಂತರದ ಉದ್ದೇಶವನ್ನು ಮಾತ್ರ ಆರೋಪಿಸಲಾಗದು.

ಮಂಗಳೂರಿನವರಿಗೆ: ಯೇಸುವನ್ನೂ ಕ್ರಿಸ್ತನನ್ನೂ ಹೀಗೆ ಸ್ವಲ್ಪವಾದರೂ ಬಿಡಿಸಿ ನೋಡುವುದೇ ರೋಮಿಗೆ ಅಳುಕು ತರುವ ಸಂಗತಿ. 2000ದಲ್ಲಿ ವ್ಯಾಟಿಕನ್ ಹೊರಡಿಸಿದ 'ದೋಮಿನುಸ್ ಯೇಸುಸ್' ಎಂಬ ಘೋಷಣೆ ಅಂಥ ವಿಂಗಡಣೆಯನ್ನು ಹೆಸರು ಹಿಡಿಯದೆ ತಳ್ಳಿಹಾಕುತ್ತದೆ. ಪಣಿಕ್ಕರ್ ತಮ್ಮನ್ನು ಕೊನೆಯವರೆಗೂ ಕಥೋಲಿಕ ಪಾದ್ರಿಯೆಂದೇ ತಿಳಿದಿದ್ದರು. ಅವರ ಚಿತಾಭಸ್ಮದ ಒಂದು ಭಾಗ ತಾವರ್ತೆತ್‌ನ ಸ್ಮಶಾನದಲ್ಲಿದೆ, ಇನ್ನೊಂದು ಭಾಗವನ್ನು ಗಂಗೆಯಲ್ಲಿ ಬಿಡಲಾಯಿತು.

ಪ್ರಶ್ನೆ: ಎಲ್ಲಿಂದ ಓದಲು ತೊಡಗಲಿ? (ಹಾಸನದ ಓದುಗರು)

ಉತ್ತರ: ಎಡಿನ್‌ಬರೋದಲ್ಲಿ 1989ರಲ್ಲಿ ಗಿಫರ್ಡ್ ಎಂಬ ಹೆಸರಾಂತ ಉಪನ್ಯಾಸಮಾಲೆಯಲ್ಲಿ ಕೊಟ್ಟ ಉಪನ್ಯಾಸಗಳಿಂದ ತೊಡಗಬೇಡಿ, ಅವರೇ ಇಪ್ಪತ್ತು ವರ್ಷ ತಿದ್ದಿ 2010ರಲ್ಲಿ ಹೊರಬಂದ ಪುಸ್ತಕವದು, ಪದಪದಕ್ಕೂ ತಡೆಯುತ್ತದೆ. ಮಾನವ ಹಕ್ಕುಗಳ ಪ್ರಬಂಧ ಒಂದೇ ಓದಿಗೆ ಮುಗಿಯುವಂಥದ್ದು. ಅದಾದ ಮೇಲೆ 'ಮಂತ್ರಮಂಜರಿ'ಯಲ್ಲಿ ನಿಮಗೆ ಬಾಯಿಪಾಠವಿರುವ ಯಾವುದಾದರೂ ಮಂತ್ರದ ಪುಟವನ್ನು ತೆರೆದು, ಅದಕ್ಕೆ ಅವರು ಬರೆದ ಪೀಠಿಕೆಯನ್ನು ಓದಿ ನೋಡಿ.