ಓದುಗರ ಪ್ರಶ್ನೆ: ಯಾವ ಕೆಲಸಕ್ಕೆ ಯಾವ ಉಕ್ಕು?

ಪ್ರಶ್ನೆ: ನಮ್ಮ ಜಲ್ಲಿ ಕ್ರಷರ್‌ನಲ್ಲಿ ಕನ್ವೇಯರ್‌ಗೆ 60 ಎಂಎಂ ಇಎನ್-8 (ಮಧ್ಯಮ ಇಂಗಾಲದ ಉಕ್ಕು) ಶಾಫ್ಟ್ ಇದೆ. ವರ್ಷಕ್ಕೆ ಎರಡು ಮೂರು ಸಲ ಕೀವೇ (ಪುಲ್ಲಿಯನ್ನು ಹಿಡಿದಿಡುವ ಕೀ ಕೂರುವ ತೋಡು) ಹತ್ತಿರವೇ ತುಂಡಾಗುತ್ತದೆ. ಇಎನ್-24 (ನಿಕಲ್, ಕ್ರೋಮಿಯಂ ಬೆರೆತ ಗಟ್ಟಿ ಉಕ್ಕು) ಹಾಕಿದರೆ ಬಾಳಿಕೆ ಬರುತ್ತದೆಯೇ? ಮುರಿದದ್ದನ್ನು ವೆಲ್ಡ್ ಮಾಡಿ ಬಳಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ದುಡ್ಡು ಕೊಟ್ಟು ಉಕ್ಕು ಬದಲಿಸುವ ಮೊದಲು, ಮುರಿದ ಮುಖದ ಎಣ್ಣೆ ಒರೆಸಿ ಬೆಳಕಿಗೆ ಹಿಡಿದು ನೋಡಿ. ಹೆಚ್ಚಿನ ಭಾಗ ನಯವಾಗಿದೆಯೇ? ಕೀವೇ ಮೂಲೆಯಿಂದ ಹೊರಟ ಕಮಾನಿನಂಥ ಗೆರೆಗಳಿವೆಯೇ? ಒರಟು ಜಾಗ ಸ್ವಲ್ಪವೇ ಇದೆಯೇ? ಹಾಗಿದ್ದರೆ ಅದು ಲೋಹದ ದಣಿವು. ಮೂಲೆಯಲ್ಲಿ ಹುಟ್ಟಿದ ಸಣ್ಣ ಬಿರುಕು ಶಾಫ್ಟ್ ಸುತ್ತಿದಂತೆಲ್ಲ ಒಳಗೆ ಬೆಳೆದು, ಉಳಿದ ಉಕ್ಕು ಭಾರ ತಡೆಯಲಾರದ ದಿನ ತುಂಡಾಗುತ್ತದೆ. ಮುಖವೆಲ್ಲ ಒರಟಾಗಿದ್ದು ಶಾಫ್ಟ್ ತಿರುಚಿಕೊಂಡಿದ್ದರೆ ಮಾತ್ರ ಅತಿಭಾರದಿಂದ ಮುರಿದದ್ದು. ನೀವು ಹೇಳುವ ರೀತಿ, ಅಂದರೆ ಪ್ರತಿ ಸಲವೂ ಅದೇ ಜಾಗದಲ್ಲಿ ಮುರಿಯುವುದು, ದಣಿವಿನ ಲಕ್ಷಣವೇ.

ಇಲ್ಲಿ ಇಎನ್-24 ಹಾಕಿ ಕೀವೇಯನ್ನು ಹಳೆಯ ರೀತಿಯಲ್ಲೇ ಕಡಿದರೆ ನಿರಾಸೆ ಕಾದಿದೆ. ಗಟ್ಟಿ ಉಕ್ಕುಗಳು ಚೂಪು ಮೂಲೆಯನ್ನು ಇನ್ನೂ ಕಡಿಮೆ ಸಹಿಸುತ್ತವೆ. ಹಾಗಾಗಿ ಮೊದಲು ಆಕಾರ ಸರಿಪಡಿಸಿ. 60 ಎಂಎಂ ಶಾಫ್ಟ್‌ಗೆ 18×11 ಕೀ, ಶಾಫ್ಟ್‌ನಲ್ಲಿ 7 ಎಂಎಂ ಆಳ. ಕೀವೇ ತಳದ ಮೂಲೆಗೆ 0.4 ಎಂಎಂನಷ್ಟು ರೇಡಿಯಸ್ ಇರಲಿ, ಕೀಯ ಅಂಚನ್ನು ಅದಕ್ಕಿಂತ ತುಸು ಹೆಚ್ಚು ಚೇಂಫರ್ ಮಾಡಿ (ಓರೆಯಾಗಿ ಕತ್ತರಿಸಿ). ಕೀಗೆ ಜಾಗ ಇದ್ದರೆ ಎಂಡ್ ಮಿಲ್ (ಬೆರಳಿನಂಥ ಕಟರ್) ಬಿಟ್ಟು ಚಕ್ರದಂಥ ಸೈಡ್ ಅಂಡ್ ಫೇಸ್ ಕಟರ್‌ನಿಂದ ಕಡಿಸಿ. ಆಗ ಕೀವೇಯ ಕೊನೆ ಇಳಿಜಾರಾಗಿ ಮುಗಿಯುವುದರಿಂದ ಅಲ್ಲಿ ಒತ್ತಡ ಕಟ್ಟುವುದು ಕಡಿಮೆ. ವ್ಯಾಸ ಬದಲಾಗುವ ಮೆಟ್ಟಿಲಿನಲ್ಲಿ ಟೂಲ್ ಗೆರೆ ಉಳಿಯದಂತೆ ರೇಡಿಯಸ್ ಕೊಟ್ಟು ಎಮರಿಯಿಂದ ಉಜ್ಜಿಸಿ. ಆದರೆ ಆ ರೇಡಿಯಸ್ ಬೇರಿಂಗ್‌ನ ಮೂಲೆಯ ರೇಡಿಯಸ್‌ಗಿಂತ ದೊಡ್ಡದಾದರೆ ಬೇರಿಂಗ್ ಭುಜಕ್ಕೆ ಕೂರುವುದಿಲ್ಲ. ಆಗ ನಡುವೆ ಸ್ಪೇಸರ್ ರಿಂಗ್ ಹಾಕಬೇಕು. ಎರಡೂ ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂರುವ ಮನೆ) ಒಂದೇ ರೇಖೆಯಲ್ಲಿವೆಯೇ, ಬೆಲ್ಟ್ ಅತಿಯಾಗಿ ಬಿಗಿದಿದೆಯೇ ಎಂದೂ ನೋಡಿ. ಶಾಫ್ಟ್ ಸುತ್ತುವಾಗ ಬಾಗುತ್ತಿದ್ದರೆ ಬಿರುಕಿಗೆ ಅದೇ ಆಹಾರ.

ಬಾಗುವುದನ್ನು ಗ್ರೇಡ್ ಬದಲಿಸಿ ತಡೆಯಲಾಗದು. ಎಂಎಸ್ (ಮಾಮೂಲಿ ಮೆತ್ತನೆಯ ಉಕ್ಕು) ಇರಲಿ, ಇಎನ್-24 ಇರಲಿ, ಉಕ್ಕಿನ ಬಿಗುವು ಹೆಚ್ಚುಕಡಿಮೆ ಒಂದೇ, ಸುಮಾರು 205 ಗಿಗಾಪ್ಯಾಸ್ಕಲ್. ವ್ಯಾಸವನ್ನು 60ರಿಂದ 70ಕ್ಕೆ ಏರಿಸಿದರೆ ಬಾಗು ಅರ್ಧಕ್ಕಿಂತ ಸ್ವಲ್ಪ ಮೇಲಿನವರೆಗೆ ಇಳಿಯುತ್ತದೆ, ಬಾಗುವ ಒತ್ತಡ ಮೂರನೇ ಒಂದು ಭಾಗಕ್ಕೂ ಹೆಚ್ಚು ತಗ್ಗುತ್ತದೆ. ಬೇರಿಂಗ್, ಪುಲ್ಲಿ ಬದಲಿಸಲು ಸಾಧ್ಯವಿದ್ದರೆ ನಮ್ಮ ಸಲಹೆ ಇದೇ.

ಇಷ್ಟಾದ ಮೇಲೂ ಬಲ ಸಾಲದಿದ್ದರೆ ಇಎನ್-19 ಅಥವಾ ಇಎನ್-24 ತನ್ನಿ, ಆದರೆ ಹಾರ್ಡನ್ ಮಾಡಿ (ಕಾಯಿಸಿ ಬೇಗ ತಣಿಸಿ) ಟೆಂಪರ್ ಮಾಡಿದ (ಮತ್ತೆ ಹದವಾಗಿ ಕಾಯಿಸಿದ) ‘ಟಿ’ ಸ್ಥಿತಿಯದ್ದೇ ಕೇಳಿ: ಕರ್ಷಣ ಬಲ 850–1000 ಮೆಗಾಪ್ಯಾಸ್ಕಲ್, ಗಡಸುತನ 248–302 ಬ್ರಿನೆಲ್. ಅನೀಲ್ ಮಾಡಿದ ಮೆತ್ತನೆಯ ಇಎನ್-24 ಬಾರ್ ತಂದು ಹಾಗೇ ಕೂರಿಸಿದರೆ ಅದರಲ್ಲಿರುವ ನಿಕಲ್, ಕ್ರೋಮಿಯಂಗೆ ಕೊಟ್ಟ ದುಡ್ಡು ವ್ಯರ್ಥ.

ವೆಲ್ಡ್ ಬೇಡ. ಇಎನ್-8ರಲ್ಲಿ ಇಂಗಾಲ ಶೇ 0.4ರಷ್ಟಿದೆ, ವೆಲ್ಡ್ ಪಕ್ಕದ ಉಕ್ಕು ಬೇಗ ತಣಿದು ಗಾಜಿನಂತೆ ಪೆಡಸಾಗುತ್ತದೆ, ಮುಂದಿನ ಸಲ ಅಲ್ಲೇ ಮುರಿಯುತ್ತದೆ. ಹೊಸ ಶಾಫ್ಟ್ ಬರುವವರೆಗೆ ಬೇರೆ ದಾರಿಯೇ ಇಲ್ಲದಿದ್ದರೆ ಭಾಗವನ್ನು 200 ಡಿಗ್ರಿಯವರೆಗೆ ಕಾಯಿಸಿ, ಒಣಗಿಸಿದ 7018 ವೆಲ್ಡಿಂಗ್ ರಾಡ್ ಬಳಸಿ, ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಮುಚ್ಚಿ ನಿಧಾನವಾಗಿ ಆರಿಸಿ.

ಪ್ರಶ್ನೆ: ಮೀನು ಸಂಸ್ಕರಣಾ ಘಟಕಕ್ಕೆ ಮಾಡಿಸಿದ 304 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್‌ನಲ್ಲಿ ಕಂದು ಚುಕ್ಕೆಗಳು ಬಂದಿವೆ. ಆಯಸ್ಕಾಂತ ಹಿಡಿಯುತ್ತಿಲ್ಲ, ಹಾಗಾಗಿ ಅಸಲಿಯೇ ಎನ್ನುತ್ತಾರೆ.
– ಓದುಗರು, ಮಲ್ಪೆ

ಉತ್ತರ: ಆಯಸ್ಕಾಂತದಿಂದ ಇದು ತೀರ್ಮಾನವಾಗುವುದಿಲ್ಲ. ಅಗ್ಗದ 202 ಗ್ರೇಡ್ ಕೂಡ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅಸಲಿ 304 ಬಗ್ಗಿಸಿದ ಕಡೆ ಸ್ವಲ್ಪ ಅಂಟಬಹುದು. ವ್ಯತ್ಯಾಸ ಇರುವುದು ಮ್ಯಾಂಗನೀಸ್‌ನಲ್ಲಿ: 202ರಲ್ಲಿ ಶೇ 7.5–10, 304ರಲ್ಲಿ ಹೆಚ್ಚೆಂದರೆ 2. ಎಕ್ಸ್‌ಆರ್‌ಎಫ್ ಗನ್ (ಲೋಹದಲ್ಲಿ ಏನೇನಿದೆ ಎಂದು ಎಕ್ಸ್-ಕಿರಣದಿಂದ ತೋರಿಸುವ ಉಪಕರಣ) ಇರುವ ಲ್ಯಾಬ್‌ನಲ್ಲಿ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಇನ್ನು ಮುಂದೆ ಟೆಸ್ಟ್ ಸರ್ಟಿಫಿಕೇಟ್‌ನ ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ಸಂಖ್ಯೆ) ಶೀಟ್ ಮೇಲಿನ ನಂಬರಿಗೆ ಹೊಂದುತ್ತದೆಯೇ ಎಂದು ನೋಡಿಯೇ ಮಾಲು ಇಳಿಸಿಕೊಳ್ಳಿ.

ಅಸಲಿ 304 ಆಗಿದ್ದರೂ ಉಪ್ಪುನೀರಿನ ಕೆಲಸಕ್ಕೆ ಅದು ಸಾಲದು. ಕ್ಲೋರೈಡ್ ಅದರ ಕ್ರೋಮಿಯಂ ಪದರವನ್ನು ಅಲ್ಲಲ್ಲಿ ಒಡೆದು ಗುಂಡಿ ಕೊರೆಯುತ್ತದೆ. 316ರಲ್ಲಿರುವ ಶೇ 2–3 ಮಾಲಿಬ್ಡಿನಂ ಇದಕ್ಕೆ ತಡೆ. ವೆಲ್ಡಿಂಗ್ ಇರುವ ಟ್ಯಾಂಕ್‌ಗೆ 316ಎಲ್ (ಇಂಗಾಲ ಕಡಿಮೆ ಇರುವ 316) ಶೀಟ್, 316ಎಲ್ ಫಿಲ್ಲರ್ ಬಳಸಿ.

ಈಗಿನ ಚುಕ್ಕೆಯನ್ನು ಉಜ್ಜಿ ನೋಡಿ. ಕಲೆ ಹೋಗಿ ಮೈ ನುಣುಪಾಗಿದ್ದರೆ, ಎಂಎಸ್‌ಗೆ ಬಳಸಿದ ಗ್ರೈಂಡಿಂಗ್ ವೀಲ್‌ನಿಂದಲೋ ಮಾಮೂಲಿ ತಂತಿ ಬ್ರಷ್‌ನಿಂದಲೋ ಕಬ್ಬಿಣದ ಕಣ ಹತ್ತಿ ತುಕ್ಕು ಹಿಡಿದಿದೆ. ವೆಲ್ಡ್ ಪಕ್ಕದಲ್ಲೇ ಇದ್ದರೆ ಅಲ್ಲಿನ ನೀಲಿ-ಕಂದು ಬಣ್ಣವನ್ನು ಪಿಕ್ಲಿಂಗ್ ಪೇಸ್ಟ್‌ನಿಂದ ತೆಗೆದಿಲ್ಲ ಎಂದರ್ಥ. ಪೇಸ್ಟ್‌ನಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಕೈಗವಸು, ಕಣ್ಣಿನ ರಕ್ಷಣೆ ಇಲ್ಲದೆ ಮುಟ್ಟಬೇಡಿ. ಸೂಜಿ ಮೊನೆ ಗುಂಡಿಗೆ ಇಳಿದರೆ ಆ ಶೀಟ್ ತೂತಾಗುವ ಹಾದಿಯಲ್ಲಿದೆ.

ಪ್ರಶ್ನೆ: ವಾಷರ್ ಬ್ಲ್ಯಾಂಕಿಂಗ್ ಡೈಗೆ (ಶೀಟ್‌ನಿಂದ ವಾಷರ್ ಕತ್ತರಿಸುವ ಅಚ್ಚು) ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ತಣಿಸಿ ಗಟ್ಟಿ ಮಾಡುವ ಟೂಲ್ ಉಕ್ಕು) ಸಾಕೇ, ಡಿ-2 (ಹೆಚ್ಚು ಕ್ರೋಮಿಯಂನ ಟೂಲ್ ಉಕ್ಕು) ಬೇಕೇ?
– ಓದುಗರು, ಪೀಣ್ಯ

ಉತ್ತರ: ಸಣ್ಣ ಆರ್ಡರ್‌ಗೆ ಓಎಚ್‌ಎನ್‌ಎಸ್ ಸಾಕು. ವರ್ಷಗಟ್ಟಲೆ ಓಡಬೇಕಾದ ಡೈಗೆ ಡಿ-2 ಮೇಲು; ಶೇ 12 ಕ್ರೋಮಿಯಂ ಇರುವುದರಿಂದ ಅಂಚು ಬೇಗ ಸವೆಯದು, ಹಾರ್ಡನಿಂಗ್‌ನಲ್ಲಿ ಅಳತೆಯೂ ಕಡಿಮೆ ಕೆಡುತ್ತದೆ. ಹಾರ್ಡನಿಂಗ್‌ಗೆ ಕಳುಹಿಸುವಾಗ ತುಂಡಿನ ಮೇಲೆ ಗ್ರೇಡ್ ಬರೆಯದಿದ್ದರೆ ಅನಾಹುತ. ಓಎಚ್‌ಎನ್‌ಎಸ್ 800 ಡಿಗ್ರಿ ಆಸುಪಾಸಿನಲ್ಲಿ ಎಣ್ಣೆಗೆ ಇಳಿಯಬೇಕು, ಡಿ-2 ಸುಮಾರು 1020ರಿಂದ ಗಾಳಿಯಲ್ಲಿ ತಣಿಯಬೇಕು. ಅದಲುಬದಲಾದರೆ ಡಿ-2 ಮೆತ್ತಗೇ ಉಳಿಯುತ್ತದೆ, ಓಎಚ್‌ಎನ್‌ಎಸ್ ಸೀಳಬಹುದು. ಕೈಗೆ ಬೆಚ್ಚಗೆನಿಸುವಷ್ಟು ಆರಿದ ಕೂಡಲೇ ಟೆಂಪರಿಂಗ್ ಆಗಬೇಕು, ಡಿ-2ಗೆ ಎರಡು ಸಲ. ವೈರ್‌ಕಟ್ (ತಂತಿಯ ವಿದ್ಯುತ್ ಕಿಡಿಯಿಂದ ಕತ್ತರಿಸುವುದು) ಮಾಡಿಸಿದರೆ ಅಂಚಿನ ಸುಟ್ಟ ಪದರವನ್ನು ಆಯಿಲ್ ಸ್ಟೋನ್‌ನಿಂದ ಉಜ್ಜಿ ತೆಗೆಯಿರಿ. ಅಂಚಿನ ಚಕ್ಕೆ ಏಳುವುದು ಹೆಚ್ಚಾಗಿ ಅಲ್ಲಿಂದಲೇ.