ಪೋರ್ಚುಗಲ್ ಉದಾಹರಣೆ ಎಡವಿದ್ದು ಒಂದು ಪದದಲ್ಲಿ

ಹಾಸನದ ಚರ್ಚಾಸ್ಪರ್ಧೆಯಲ್ಲಿ ‘ಪೋರ್ಚುಗಲ್ ಮಾದಕವಸ್ತು ಸಕ್ರಮಗೊಳಿಸಿತು, ಅಪರಾಧ ಇಳಿಯಿತು’ ಎಂಬ ನಿಮ್ಮ ವಾದ ಬಿದ್ದುಹೋದದ್ದು ಬಹುಶಃ ‘ಸಕ್ರಮ’ ಎಂಬ ಪದದಿಂದ. ಮೊದಲು ಅದನ್ನು ಹೊಡೆದುಹಾಕಿ, ಪೋರ್ಚುಗಲ್‌ನಲ್ಲಿ ಮಾದಕವಸ್ತು ಕಾನೂನುಬದ್ಧವಾಗಿಲ್ಲ. 2001ರಿಂದ ಅಲ್ಲಿ 10 ದಿನದ ಸ್ವಂತ ಬಳಕೆಯಷ್ಟು ಮಾದಕವಸ್ತು ಇಟ್ಟುಕೊಂಡವರನ್ನು ನ್ಯಾಯಾಲಯದ ಬದಲು ಚಟ ಬಿಡುವಂತೆ ಮನವೊಲಿಸುವ ಸಮಿತಿಗೆ ಕಳುಹಿಸುತ್ತಾರೆ. ಮಾರಾಟ ಇಂದಿಗೂ ಅಪರಾಧವೇ.

ಆಮೇಲೆ ನಮ್ಮ 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆ ತೆರೆಯಿರಿ. ಚಿಟಿಕೆ ಗಾಂಜಾ ಸೇದಿದ ಹುಡುಗನಿಗೆ 27ನೇ ಕಲಂ 6 ತಿಂಗಳವರೆಗೆ ಸಜೆ ಹೇಳುತ್ತದೆ. ಅದೇ ಹುಡುಗ ವ್ಯಸನಿಯಾಗಿದ್ದು ತಾನಾಗಿ ಬಂದು ಚಿಕಿತ್ಸೆ ಪಡೆದರೆ 64ಎ ಕಲಂ ಮೊಕದ್ದಮೆಯಿಂದ ರಕ್ಷಿಸುತ್ತದೆ. ನನ್ನ ಮಟ್ಟಿಗೆ ಇದೇ ನಿಮ್ಮ ಗಟ್ಟಿ ಅಸ್ತ್ರ, ಪರದೇಶದ ಉದಾಹರಣೆಗಿಂತ ಮೊದಲು ಇದನ್ನೇ ಇಡಿ.

ಪೋರ್ಚುಗಲ್‌ನಲ್ಲಿ ಅಪರಾಧ ಇಳಿಯಲು ಕಾನೂನೊಂದೇ ಕಾರಣ ಎನ್ನಬೇಡಿ. ಅದೇ ಹೊತ್ತಿಗೆ ಅಲ್ಲಿ ಚಿಕಿತ್ಸೆಯೂ ವಿಸ್ತರಿಸಿತು. ಎರಡನ್ನೂ ಬೇರ್ಪಡಿಸಿ ಅಳೆಯುವುದು ಕಷ್ಟ.