ಅಮೆರಿಕದ ಬಡ್ಡಿಯ ಬಿಸಿ ದುಬೈ ಸಾಲಕ್ಕೇಕೆ?

ಪ್ರಶ್ನೆ: ನನ್ನ ತಮ್ಮ ದುಬೈನಲ್ಲಿ ಸಾಲ ಮಾಡಿ ಫ್ಲ್ಯಾಟ್ ಕೊಂಡಿದ್ದಾನೆ. ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ಏರಿಸಿದಾಗಲೆಲ್ಲ ತನ್ನ ಕಂತೂ ಏರುತ್ತದೆ ಎನ್ನುತ್ತಾನೆ. ಅಲ್ಲಿಯೂ ಕೇಂದ್ರ ಬ್ಯಾಂಕ್ ಇದೆಯಲ್ಲ, ಅದು ಸ್ವಂತವಾಗಿ ನಿರ್ಧರಿಸಬಾರದೇಕೆ?
– ಓದುಗರು, ಉಡುಪಿ

ಉತ್ತರ: ನಿಮ್ಮ ತಮ್ಮ ಹೇಳುವುದು ಸರಿ. ಒಂದು ಡಾಲರ್‌ಗೆ 3.6725 ದಿರ್ಹಮ್ ಎಂಬ ದರವನ್ನು ಯುಎಇ 1997ರಿಂದ ಬದಲಿಸಿಲ್ಲ; ಹಣ ಒಳಬರಲು, ಹೊರಹೋಗಲು ಅಲ್ಲಿ ಹೆಚ್ಚಿನ ನಿರ್ಬಂಧವೂ ಇಲ್ಲ. ಇವೆರಡನ್ನೂ ಒಪ್ಪಿಕೊಂಡ ದೇಶಕ್ಕೆ ಬಡ್ಡಿದರದ ಮೇಲೆ ಹಿಡಿತ ಉಳಿಯುವುದಿಲ್ಲ. ಅಮೆರಿಕದಲ್ಲಿ ಶೇ 5 ಸಿಗುವಾಗ ದುಬೈನಲ್ಲಿ ಶೇ 2 ಮಾತ್ರ ಸಿಕ್ಕರೆ, ವಿನಿಮಯ ದರ ಅಲುಗಾಡದೆಂದು ನಂಬಿದವರು ದಿರ್ಹಮ್ ಮಾರಿ ಡಾಲರ್ ಕೊಳ್ಳುತ್ತಾರೆ. ಕೇಂದ್ರ ಬ್ಯಾಂಕ್ ನಿಗದಿತ ದರಕ್ಕೇ ಡಾಲರ್ ಕೊಡುತ್ತ ಹೋದಂತೆ ಮೀಸಲು ಕರಗುತ್ತದೆ, ಚಲಾವಣೆಯಲ್ಲಿರುವ ದಿರ್ಹಮ್ ಕಡಿಮೆಯಾಗಿ ಬಡ್ಡಿ ತಾನಾಗಿಯೇ ಏರುತ್ತದೆ. ಅಲ್ಲಿಯವರೆಗೆ ಕಾಯದೆ ಅದು ಫೆಡ್ ಹಿಂದೆಯೇ ಹೆಜ್ಜೆಯಿಡುತ್ತದೆ. 2023ರ ಜುಲೈನಲ್ಲಿ ಫೆಡ್ ದರ ಶೇ 5.25–5.50ಕ್ಕೆ ಏರಿದಾಗ ಯುಎಇಯ ಮೂಲ ದರ ಶೇ 5.40 ಆಯಿತು. ಬದಲಾಗುವ ದರದ ಗೃಹಸಾಲಗಳಿಗೆ ಇದರ ಬಿಸಿ ತಟ್ಟದಿರದು.

ಇದು ಸಣ್ಣ ದೇಶಗಳ ಪಾಡು ಮಾತ್ರ ಎನ್ನಬೇಡಿ. ಪಶ್ಚಿಮ ಜರ್ಮನಿಯ ಕರೆನ್ಸಿ ಮಾರ್ಕ್‌ಗೂ ಹಿಂದೆ ಡಾಲರ್ ಜೊತೆ ಸ್ಥಿರ ದರವಿತ್ತು. ಅಮೆರಿಕದ ಬಡ್ಡಿ ತಗ್ಗಿದ್ದ 1971ರಲ್ಲಿ ಡಾಲರ್‌ಗಳು ಅತ್ತ ಹರಿದವು. ಮೇ 5ರ ಬೆಳಿಗ್ಗೆ ಸುಮಾರು 40 ನಿಮಿಷಗಳಲ್ಲಿ 100 ಕೋಟಿ ಡಾಲರ್ ಕೊಳ್ಳಬೇಕಾಗಿ ಬಂದ ಅಲ್ಲಿನ ಕೇಂದ್ರ ಬ್ಯಾಂಕ್ ಬುಂಡೆಸ್‌ಬ್ಯಾಂಕ್ ವಹಿವಾಟನ್ನೇ ನಿಲ್ಲಿಸಿತು. ಹೀಗೆ ಕೊಂಡ ಪ್ರತಿ ಡಾಲರ್‌ಗೂ ಹೊಸ ಮಾರ್ಕ್ ಕೊಡಬೇಕು. ಅದು ಬೆಲೆಯೇರಿಕೆಗೆ ದಾರಿ. ಕೆಲವೇ ದಿನಗಳಲ್ಲಿ ಜರ್ಮನಿ ಸ್ಥಿರ ದರವನ್ನು ಕೈಬಿಟ್ಟಿತು.

ಹೀಗೆ ದರ ಜೋಡಿಸಿಕೊಂಡ ದೇಶ ಮತ್ತು ಅಮೆರಿಕ ಎರಡರ ಅಗತ್ಯವೂ ಒಂದೇ ಆಗಿರುವವರೆಗೆ ಈ ಅವಲಂಬನೆ ಬಾಧಿಸುವುದಿಲ್ಲ. ಗೃಹಸಾಲ ಬಿಕ್ಕಟ್ಟಿನಿಂದಾಗಿ 2007ರ ಸೆಪ್ಟೆಂಬರ್‌ನಿಂದ 2008ರ ಏಪ್ರಿಲ್‌ವರೆಗೆ ಫೆಡ್ ತನ್ನ ದರವನ್ನು ಶೇ 5.25ರಿಂದ 2ಕ್ಕೆ ಇಳಿಸಿತು. ಆಗ ಕೊಲ್ಲಿಯಲ್ಲಿ ತೈಲದ ಹಣ ಹರಿದಾಡುತ್ತಿತ್ತು, ಯುಎಇಯ ಬೆಲೆಯೇರಿಕೆ ಶೇ 10 ಮೀರಿತ್ತು. ಬಡ್ಡಿ ಏರಿಸಬೇಕಿದ್ದ ಹೊತ್ತಿನಲ್ಲಿ ಇಳಿಸಬೇಕಾಯಿತು. ಜ್ವರಕ್ಕೆ ಕಂಬಳಿ ಹೊದಿಸಿದಂತೆ! ಡಾಲರ್ ದುರ್ಬಲಗೊಂಡು ಆಮದು ದುಬಾರಿಯಾಗುತ್ತಿದೆಯೆಂದು ಕುವೈತ್ 2007ರ ಮೇ ತಿಂಗಳಲ್ಲೇ ತನ್ನ ದಿನಾರ್ ಅನ್ನು ಹಲವು ಕರೆನ್ಸಿಗಳ ಗುಚ್ಛಕ್ಕೆ ಜೋಡಿಸಿತ್ತು. ಸೌದಿ ಅರೇಬಿಯಾ, ಯುಎಇ ಡಾಲರನ್ನು ಬಿಡಲಿಲ್ಲ. ತೈಲದ ಆದಾಯವೆಲ್ಲ ಡಾಲರ್‌ನಲ್ಲೇ ಬರುವಾಗ ಅದು ತೀರಾ ತಪ್ಪು ಲೆಕ್ಕಾಚಾರವೆಂದು ನನಗನ್ನಿಸುವುದಿಲ್ಲ.